ಒಂಬತ್ತನೇ ಪೆಟ್ಟು

ಮೇ ೨೬, ೨೦೨೫

ಇವತ್ತಿನಿಂದ ನನ್ನ ಬಾಯಿಗೆ ಬೀಗ.

ಗಂಟಲಿನ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮರಾ ಇಳಿಸಿ ನೋಡಿದರು. ದನಿಯ ತಂತುಗಳ ಮೇಲೆ ಎರಡು ಗಂಟು ಬೆಳೆದಿವೆಯಂತೆ. ಪರದೆಯ ಮೇಲೆ ನನಗೂ ತೋರಿಸಿದರು, ಅಕ್ಕಿಕಾಳಿನಷ್ಟಿವೆ. "ಇಷ್ಟು ವರ್ಷ ಲಿಲಾವು ಕೂಗಿದ್ದೀರಿ, ಗಂಟಲು ಕಬ್ಬಿಣದ್ದೇನಮ್ಮ?" ಎಂದರು. ಎರಡು ತಿಂಗಳು ಕೂಗಬಾರದು, ಕಿರುಚಬಾರದು, ಪಿಸುಗುಟ್ಟಲೂ ಬಾರದು. ಅಗತ್ಯಕ್ಕೆ ಮೆಲ್ಲಗೆ ಒಂದೆರಡು ಮಾತು. ಅಷ್ಟರಲ್ಲಿ ಗಂಟು ಕರಗಿದರೆ ಸರಿ, ಇಲ್ಲದಿದ್ದರೆ ಕೊಯ್ಯಬೇಕು. ಕೊಯ್ದ ಮೇಲೆ ಮೊದಲಿನ ದನಿ ಬರುತ್ತದೆಯೇ ಎಂದು ಕೇಳಿದರೆ ಡಾಕ್ಟರು ಪೆನ್ನಿನ ಟೊಪ್ಪಿಗೆ ಹಾಕಿ ತೆಗೆದು ಮಾಡಿದರು.

ಕಾರವಾರ ಬಂದರಿನಲ್ಲಿ ಬೋಟು ಬಂದ ಕೂಡಲೇ ಮೀನಿನ ರಾಶಿಯ ಮುಂದೆ ನಿಂತು ಹರಾಜಿನ ಬೆಲೆ ಕೂಗುವವಳು ನಾನು. ಅಪ್ಪ ಮಂಜಗುಣಿಯ ದಡದಲ್ಲಿ ಕೂಗುತ್ತಿದ್ದ, ಮದುವೆಯಾಗಿ ಬಿಣಗಾಕ್ಕೆ ಬಂದ ಮೇಲೆ ನಾನು ಇಲ್ಲಿ ಶುರು ಮಾಡಿದೆ. ಮಾದೇವಿ ಕೂಗಿದರೆ ಗುಡ್ಡದಾಚೆ ಕೇಳುತ್ತದೆ ಎಂದು ಜನ ಹೇಳುತ್ತಾರೆ. ಆ ದನಿ ಹೋದರೆ ಉಳಿಯುವ ಮಾದೇವಿಯನ್ನು ಯಾರು ಕೇಳುತ್ತಾರೆ? ಮಾತಾಡದೆ ಇದ್ದರೆ ನಾನು ಹೊಟ್ಟೆ ಉಬ್ಬಿ ಸಾಯುತ್ತೇನೆ ಎಂದು, ಬರೆದುಕೊಳ್ಳಲು ಮಗಳು ಪ್ರೀತಿ ತನ್ನ ಕಾಲೇಜಿನ ಹಳೆ ವಹಿ ಕೊಟ್ಟಿದ್ದಾಳೆ. ಕೊಟ್ಟವಳೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಾವಾಗಲೂ ಹಾಗೇ ಅವಳು.

ಜೂನ್ ೨

ನಿನ್ನೆಯಿಂದ ಸಮುದ್ರಕ್ಕೆ ರಜೆ. ಬೋಟುಗಳೆಲ್ಲ ಬಂದರಿನಲ್ಲಿ ಒತ್ತಿಕೊಂಡು ನಿಂತಿವೆ. ಎರಡು ತಿಂಗಳ ಈ ಮೀನುಗಾರಿಕೆ ನಿಷೇಧಕ್ಕೆ ಪ್ರತಿ ವರ್ಷ ಶಾಪ ಹಾಕುತ್ತಿದ್ದೆ. ಈ ವರ್ಷ ಮಾತ್ರ ನನಗಾಗಿಯೇ ಯಾರೋ ಬಾಗಿಲು ಹಾಕಿ ಕಾದ ಹಾಗಿದೆ. ಆಗಸ್ಟ್ ಒಂದಕ್ಕೆ ಬೋಟುಗಳು ಹೊರಡುತ್ತವೆ. ಮೊದಲ ಮೀನು ದಡಕ್ಕೆ ಬರುವಾಗ ನನಗೆ ದನಿ ಇರಬೇಕು.

ಸಂಜೆ ಗಂಡನ ತಂಗಿಯ ಮಗ ಕಿಶನ ಬಂದ. ಕೈಯಲ್ಲಿ ಬ್ಯಾಟರಿ ಮೈಕು.

"ಮಾಮಿ, ನೀ ಎಂತಕೆ ತಲೆ ಬಿಸಿ ಮಾಡ್ಕಂತೆ? ಆಗಸ್ಟಿಗೆ ನಾ ಕೂಗ್ತೆ. ಇದ್ರಲ್ಲಿ ಸಣ್ಣಕೆ ಹೇಳಿದ್ರೂ ದೊಡ್ಡಕೆ ಕೇಳ್ತದೆ. ನೀ ಮನೇಲಿ ಆರಾಮ ಇರು."

ಹುಡುಗ ಒಳ್ಳೆಯವನು, ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ಮೈಕನ್ನು ನಮ್ಮ ಜಗಲಿಯ ಮೇಲಿಟ್ಟು ಚಾ ಕುಡಿದನಲ್ಲ, ಅದನ್ನೆತ್ತಿ ಬಾವಿಗೆ ಹಾಕೋಣವೆನ್ನಿಸಿತು. ಬೈಯಲು ಬಾಯಿ ತೆರೆದೆ. ಒಡೆದ ಕೊಳವೆಯಿಂದ ಗಾಳಿ ಹೋದ ಹಾಗೆ ಏನೋ ಬಂತು. ಅವನು ಪಾಪ ಎಂಬಂತೆ ನೋಡಿದ. ಬೈಗುಳಕ್ಕಿಂತ ಅದು ಕಷ್ಟವಾಯಿತು.

ಜೂನ್ ೫

ಆಸ್ಪತ್ರೆಯಲ್ಲಿ ದನಿಯ ವ್ಯಾಯಾಮ ಕಲಿಸುವ ಹುಡುಗಿಯೊಬ್ಬಳಿದ್ದಾಳೆ. ಗ್ಲಾಸಿನ ನೀರಿಗೆ ಸ್ಟ್ರಾ ಇಟ್ಟು ಗುಳುಗುಳು ಊದಬೇಕು, ಊದುತ್ತಲೇ ಮೆಲ್ಲಗೆ ದನಿ ತೆಗೆಯಬೇಕು. ಇವರು, ಎಂದರೆ ನನ್ನ ಗಂಡ ಜಟ್ಟಿ, ಬೋಟು ನಡೆಸುವ ತಾಂಡೇಲ, ಎದುರಿಗೆ ಕೂತು "ಎಂಜಿನ್ನಿಗೆ ನೀರು ಹೊಕ್ಕಂಗೆ ಅದೆ" ಎಂದು ನಕ್ಕರು. ನಗಲಿ.

ಆ ಹುಡುಗಿ ಇನ್ನೊಂದು ಮಾತು ಹೇಳಿದಳು. ಸಂಗೀತದ ಮೊದಲ ಪಾಠಗಳನ್ನು ಸಾವಕಾಶವಾಗಿ, ಕತ್ತಿಗೆ ಬಿಗಿ ಬಾರದ ಹಾಗೆ ಹಾಡಿದರೆ ಒಳ್ಳೆಯದು, ಹತ್ತಿರ ಯಾರಾದರೂ ಕಲಿಸುವವರಿದ್ದರೆ ನೋಡಿ ಎಂದಳು. ಇದ್ದಾರೆ, ಯಾಕಿಲ್ಲ? ನಮ್ಮ ಕಡೆ ಕಲ್ಲೆಸೆದರೆ ಹಾರ್ಮೋನಿಯಂ ಬಾರಿಸುವವನ ಅಂಗಳಕ್ಕೆ ಬೀಳುತ್ತದೆ. ಭಜನೆ, ಅಭಂಗ, ಹಿಂದುಸ್ತಾನಿ, ಎಲ್ಲ ಇದೆ. ಆದರೆ ಅವರೆಲ್ಲ ನನ್ನ ಮೀನಿನ ಗಿರಾಕಿಗಳು. ಅವರ ಮುಂದೆ ಈ ಹರಕು ದನಿ ತೆಗೆಯುವುದೇ? ಮರುದಿನ ಪೇಟೆಗೆಲ್ಲ ಗೊತ್ತಾಗುತ್ತದೆ.

ಪ್ರೀತಿ ಮೊಬೈಲಿನಲ್ಲಿ ಹುಡುಕಿದಳು. ಕನ್ನಡದಲ್ಲಿ ಹೇಳಿಕೊಡುವವರು ಸಿಕ್ಕಿದ್ದೆಲ್ಲ ಕರ್ನಾಟಕ ಸಂಗೀತದವರು.

"ಆಯಿ, ಇದು ಘಟ್ಟದ ಮೇಲಿಂದು. ಇಲ್ಲಿ ಯಾರಿಗೂ ಬರೂದಿಲ್ಲ."

ಯಾರಿಗೂ ಬಾರದಿದ್ದರೆ ನಾನು ತಪ್ಪಿದರೂ ಯಾರಿಗೂ ತಿಳಿಯದು. ಅದೇ ಇರಲಿ ಎಂದು ಕೈಸನ್ನೆ ಮಾಡಿದೆ.

ಜೂನ್ ೭

ಮೊಬೈಲಿನ ವಿಡಿಯೋದಲ್ಲಿ ಮೊದಲ ಗುರು ಸಿಕ್ಕಿದರು. ಹಣೆಗೆ ದೊಡ್ಡ ಕುಂಕುಮದ ಬೊಟ್ಟು, ಹಿಂದೆ ಗೋಡೆ ತುಂಬ ಹಾರ ಹಾಕಿದ ಫೋಟೋ. ನಾದ ಎಂದರೇನು, ಓಂಕಾರ ಎಂದರೇನು, ತಮ್ಮ ಗುರುಗಳ ಗುರುಗಳು ಯಾರು ಎಂದು ಹೇಳುತ್ತ ಹೋದರು. ನಾನು ಅಕ್ಕಿ ಆರಿಸಿ ಮುಗಿಸಿದೆ. ಕೊನೆಗೂ "ಸಾ" ಎಂದರು. ನಾನೂ ಬಾಯಿ ತೆರೆಯುವಷ್ಟರಲ್ಲಿ ಬಂಗಾರದ ಸಾಲದ ಜಾಹೀರಾತು ಬಂತು.

ಜೂನ್ ೧೦

ತಂಬೂರಿ ಆ್ಯಪ್ ಹಾಕಿಕೊಂಡೆ. ಒಮ್ಮೆ ಒತ್ತಿದರೆ ನಿಲ್ಲಿಸುವವರೆಗೆ ಝುಂ ಎನ್ನುತ್ತಲೇ ಇರುತ್ತದೆ. ಅಡುಗೆಮನೆಯ ಬಾಗಿಲು ಮುಚ್ಚಿ ಹಾಕಿದ್ದೆ. ಇವರು ಹೊರಗಿನಿಂದ "ಫ್ರಿಜ್ ಹಾಳಾಯ್ತನೇ?" ಎಂದು ಕೂಗಿದರು. ಇದರಲ್ಲಿ ಶ್ರುತಿಯ ಎತ್ತರವನ್ನು ಕಟ್ಟೆಗಳಲ್ಲಿ ಎಣಿಸುತ್ತಾರೆ. ಒಂದು ಕಟ್ಟೆ ತಗ್ಗು, ಆರು ಕಟ್ಟೆ ಎತ್ತರ. ನಾನು ಎಷ್ಟರಲ್ಲಿ ಹಾಡಬೇಕು ಎಂದು ಆ್ಯಪ್ ಹೇಳುವುದಿಲ್ಲ.

ಜೂನ್ ೧೬

ಇದೊಂದು ಒಳ್ಳೆಯದು ಸಿಕ್ಕಿತು. ಯಾರೋ ಪುಣ್ಯಾತ್ಮರು ಪಾಠಗಳನ್ನೆಲ್ಲ ವೆಬ್‌ಸೈಟಿನಲ್ಲಿ ಸಾಲಾಗಿ ಇಟ್ಟಿದ್ದಾರೆ. ಸರಳೆ ವರಸೆ, ಜಂಟಿ ವರಸೆ, ಎಲ್ಲವೂ ಕನ್ನಡದಲ್ಲಿ ಬರೆದು, ಪ್ರತಿ ಸಾಲಿಗೂ ಹೆಂಗಸೊಬ್ಬಳು ಹಾಡಿದ ದನಿ ಸೇರಿಸಿ. ಭಾಷಣವಿಲ್ಲ, ಜಾಹೀರಾತಿಲ್ಲ. ಆಕೆಯ ದನಿ ಮೇಲಿನದು, ತೊಳೆದ ಸ್ಟೀಲ್ ಪಾತ್ರೆಯ ಹಾಗೆ. ತಂಬೂರಿ ಐದೂವರೆ ಕಟ್ಟೆಗೆ ಇಟ್ಟರೆ ಆಕೆಗೆ ಹೊಂದುತ್ತದೆ. ಹಾಗಾದರೆ ನನಗೂ ಐದೂವರೆ.

ಆದಿತಾಳವನ್ನೂ ಕಲಿತೆ. ತೊಡೆಯ ಮೇಲೆ ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಪೆಟ್ಟು-ತಿರುವು, ಪೆಟ್ಟು-ತಿರುವು. ಒಟ್ಟು ಎಂಟು. ಮೀನು ಎಣಿಸಿಯೇ ಹೊಟ್ಟೆ ಹೊರೆದವಳಿಗೆ ಎಂಟರವರೆಗೆ ಎಣಿಸಲು ಕಲಿಸುತ್ತಾರೆ!

ಜೂನ್ ೨೪

ಪ್ರೀತಿ ಇನ್ನೊಂದು ಆ್ಯಪ್ ಹಾಕಿಕೊಟ್ಟಳು. ಹಾಡಿದ ಸ್ವರ ಪರದೆಯ ಮೇಲೆ ಗೆರೆಯಾಗಿ ಹರಿಯುತ್ತದೆ. ಸರಿಯಾದರೆ ಹಸಿರು, ತಪ್ಪಿದರೆ ಕೆಂಪು. ಇವರ ಬೋಟಿನಲ್ಲಿ ಮೀನು ತೋರಿಸುವ ಯಂತ್ರವಿದೆಯಲ್ಲ, ಥೇಟ್ ಅದೇ. ಇವರು ಕನ್ನಡಕ ಏರಿಸಿ ನೋಡಿ, "ಇಲ್ಲೆಲ್ಲ ಬಂಡೆನೇ ಅದೆ ಮಾರಾಯ್ತಿ. ಬಲೆ ಬಿಟ್ರೆ ಹರೂದೇಯ" ಎಂದರು. ಸಿಟ್ಟು ಬಂದರೂ ನಗು ತಡೆಯಲಾಗಲಿಲ್ಲ. ನಗುವುದಕ್ಕೆ ಡಾಕ್ಟರು ಬೇಡ ಅಂದಿಲ್ಲ.

ಇತ್ತೀಚೆಗೆ ಇವರನ್ನು ಊಟಕ್ಕೆ ಕರೆಯಲು ಅಂಗಳದ ತುದಿಯ ದಣಪೆಯ ತನಕ ನಡೆದು ಹೋಗುತ್ತೇನೆ. ಮೊದಲು ಒಳಗಿನಿಂದಲೇ ಒಂದು ಕೂಗು ಸಾಕಾಗುತ್ತಿತ್ತು. ಹೋದ ಮೇಲೆ ಎಂತದೋ ಮಾತು ಬರುತ್ತದೆ, ಸಾರು ಆರಿ ತಣ್ಣಗಾಗುತ್ತದೆ.

ಜುಲೈ ೩

ದನಿ ಇನ್ನಷ್ಟು ಕೆಟ್ಟಿದೆ.

ಬೆಳಿಗ್ಗೆ ಎದ್ದು "ಪ್ರೀತಿ" ಎಂದರೆ ತುಟಿ ಮಾತ್ರ ಅಲುಗಿತು. ಮೇಲಿನ ಸಾ ತಲುಪಲು ಹೋದರೆ ಕತ್ತಿನ ನರ ಎದ್ದು ನಿಲ್ಲುತ್ತದೆ. ಆ ಹೆಂಗಸಿಗೆ ಬರುವುದು ನನಗೆ ಯಾಕೆ ಬಾರದು ಎಂದು ಹಟ ಹಿಡಿದು ದಿನಕ್ಕೆ ಎರಡು ಹೊತ್ತು ಹಾಡಿದೆನಲ್ಲ, ಹಾಡಿ ಹಾಡಿ ಗಂಟು ಬೆಳೆಸಿದೆನೇ? ಸುಮ್ಮನಿದ್ದಿದ್ದರೆ ಕರಗುತ್ತಿತ್ತೇನೋ. ಯಾರಿಗೂ ಹೇಳಲಿಲ್ಲ. ಹೇಳಲು ದನಿಯೇ ಇಲ್ಲ.

ಮಳೆ ಹೊಡೆಯುತ್ತಲೇ ಇದೆ. ಹೆದರಿಕೆಯಾಗುತ್ತದೆ.

ಜುಲೈ ೬

ಪ್ರೀತಿಗೆ ಹೇಗೋ ಗೊತ್ತಾಯಿತು. "ಆಯಿ, ಒಬ್ಳೇ ಹಾಡ್ಕಂಡ್ರೆ ಯಾರ್ ತಿದ್ದೂದು?" ಎಂದು ಕೇಳಿ, ಮೈಸೂರಿನ ಒಬ್ಬ ಮೇಡಂ ಪ್ರತಿ ಭಾನುವಾರ ವಿಡಿಯೋದಲ್ಲಿ ನಡೆಸುವ ಕ್ಲಾಸಿಗೆ ಸೇರಿಸಿದಳು. ನನ್ನ ವಯಸ್ಸಿನವರೇ ಹೆಚ್ಚು. ನಿಯಮವೂ ನನಗೆ ಹೇಳಿ ಮಾಡಿಸಿದ ಹಾಗಿದೆ: ಎಲ್ಲರ ಮೈಕು ಬಂದ್, ಕ್ಯಾಮರಾ ಚಾಲೂ. ಮೇಡಂ ಹಾಡುತ್ತಾರೆ, ನಾವು ನಮ್ಮ ನಮ್ಮ ಮನೆಯಲ್ಲಿ ಹಾಡಿಕೊಳ್ಳುತ್ತೇವೆ. ಯಾರಿಗೂ ನಾನು ಕೇಳಿಸುವುದಿಲ್ಲ. ಉಸಿರು ಬಂದ ಹಾಗಾಯಿತು. ತೀರ ಮೆಲ್ಲಗೆ ಗೊಣಗಿದೆ ಅಷ್ಟೆ, ತಾಳ ಮಾತ್ರ ಗಟ್ಟಿಯಾಗಿ ಹಾಕಿದೆ.

ಒಂದೇ ತೊಂದರೆ. ಪ್ರತಿ ಸಾಲಿನ ಕೊನೆಗೆ ಮೇಡಂ ನನಗಿಂತ ಮುಂದೆ ಹೋಗಿರುತ್ತಾರೆ. ಬಿಣಗಾದ ನೆಟ್‌ವರ್ಕಿಗೆ ಬೆಂಕಿ ಬೀಳಲಿ. ಪ್ರೀತಿ ಫೋನನ್ನು ಕಿಟಕಿಗೆ ಕಟ್ಟಿದಳು, ಹೆಂಚಿನ ಮಾಡಿಗೆ ಏರಿಸಿದಳು. ಊಹೂಂ.

ಜುಲೈ ೧೩

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮೂರನೆಯ ವರಸೆ ನಡೆಯುತ್ತಿತ್ತು. ಮೇಡಂ ಹಾಡು ನಿಲ್ಲಿಸಿ ಪರದೆಯ ಹತ್ತಿರ ಬಗ್ಗಿದರು. "ಮಾದೇವಿಯವರೇ, ಸ್ವಲ್ಪ ನಿಮ್ಮ ಕೈ ತೋರಿಸಿ. ಇನ್ನೊಂದು ಆವರ್ತ ಹಾಕಿ ನೋಡೋಣ."

ಹಾಕಿದೆ. ಎಲ್ಲರೂ ನೋಡುತ್ತಿದ್ದರು.

"ಎಂಟಾದ ಮೇಲೆ ಒಂಬತ್ತನೇ ಪೆಟ್ಟು ಒಂದು ಬೀಳ್ತಿದೆಯಲ್ಲ, ಅದು ಎಲ್ಲಿಂದ ಬಂತು?"

ನಾನು ನನ್ನ ಕೈಯನ್ನೇ ನೋಡಿಕೊಂಡೆ. ಹೌದು! ಎಂಟು ಮುಗಿದು, ಮತ್ತೆ ಶುರು ಮಾಡುವ ಮೊದಲು, ಕೈ ತಾನಾಗಿ ಇನ್ನೊಂದು ಪೆಟ್ಟು ಹಾಕುತ್ತಿದೆ. ಎಲ್ಲಿಂದ ಬಂತೆಂದು ನನಗೆ ಕೂಡಲೇ ಗೊತ್ತಾಯಿತು. ನಮ್ಮಲ್ಲಿ ಬಂಗಡೆ ಎಣಿಸಿ ಬುಟ್ಟಿಗೆ ಹಾಕುವಾಗ ಒಂದು ಎಣಿಕೆ ಮುಗಿದರೆ ಮೇಲಿಂದ ಒಂದು ಮೀನು ಹಾಕಬೇಕು, ಅದು ಕೊಂಡವಳ ಪಾಲು. ಅದನ್ನು ಹಾಕದಿದ್ದರೆ ಯಾವ ಹೆಂಗಸೂ ಬುಟ್ಟಿ ಎತ್ತುವುದಿಲ್ಲ. ಇಷ್ಟು ವರ್ಷ ಹಾಕಿ ಹಾಕಿ ಕೈಗೆ ಅದೇ ಲೆಕ್ಕ ಹತ್ತಿದೆ. ಪಾಪದ ನೆಟ್‌ವರ್ಕಿಗೆ ಸುಮ್ಮನೆ ಬೈದೆ.

ಕೈಸನ್ನೆಯಲ್ಲಿ ಇದನ್ನೆಲ್ಲ ಹೇಗೆ ಹೇಳುವುದು? ಮೈಕು ಚಾಲೂ ಮಾಡಿದೆ. ಆ ದನಿಯಲ್ಲೇ, ಗೊರಗೊರ ಎನ್ನುತ್ತ, ಬಂಗಡೆಯ ಕತೆ ಹೇಳಿದೆ. ಮೇಡಂ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಉಳಿದವರೂ ನಗುತ್ತಿದ್ದರು. ಶಿರಸಿಯ ಒಬ್ಬ ಅಜ್ಜಿ ತನ್ನ ಮೈಕು ಚಾಲೂ ಮಾಡಿ "ನಮ್ಮಲ್ಲೂ ತೆಂಗಿನಕಾಯಿಗೆ ಹಾಂಗೇ ಮಾಡ್ತ್ವಲೆ" ಎಂದು ಕೂಗಿದ್ದು ಕೇಳಿಸಿತು.

ಆಮೇಲೆ ಮೇಡಂ ನಗು ನಿಲ್ಲಿಸಿದರು. "ಮಾದೇವಿಯವರೇ, ನಿಮ್ಮ ಗಂಟಲಿಗೆ ಏನಾಗಿದೆ?" ಎಂದರು. ಹೇಳಿದೆ. "ಒಂದು ಸಾ ಹೇಳಿ" ಎಂದರು. ಹೇಳಿದೆ, ಒಡೆಯಿತು.

"ಇದನ್ನು ಯಾರು ಹೇಳಿಕೊಟ್ಟರು ನಿಮಗೆ?" ಎಂದರು. ವೆಬ್‌ಸೈಟಿನ ವಿಷಯ ಹೇಳಿದೆ. "ಈ ಶ್ರುತಿ ನಿಮ್ಮದಲ್ಲ. ಇದು ಆ ವೆಬ್‌ಸೈಟಿನಲ್ಲಿ ಹಾಡಿದವರದು. ಅವರ ಗಂಟಲು ಬೇರೆ, ನಿಮ್ಮದು ಬೇರೆ. ಇಳಿಸಿ."

ಐದು. ನಾಲ್ಕು. ಇನ್ನೂ ಇಳಿಸಿ ಎಂದರು. ನನಗೆ ಅವಮಾನವಾದ ಹಾಗಾಯಿತು. ಲಿಲಾವಿನಲ್ಲಿ ಏರಿಸುವುದೊಂದೇ ಗೊತ್ತು ನನಗೆ. ನಮ್ಮಲ್ಲಿ ಇಳಿಯುವುದು ಕೊಳೆತ ಮೀನಿನ ಬೆಲೆ ಮಾತ್ರ. ಕೊನೆಗೆ ಮೂರು ಕಟ್ಟೆಗೆ ತಂಬೂರಿ ಇಟ್ಟು, "ಯಾರಿಗೂ ಕೇಳಿಸಬೇಕಾಗಿಲ್ಲ, ಹಾಡಿ" ಎಂದರು.

ಸಾ ಬಂತು. ಒಡೆಯಲಿಲ್ಲ. ಕತ್ತಿಗೆ ಏನೂ ಆಗಲಿಲ್ಲ. ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ. ಅಳು ಬಂತು, ಎಲ್ಲರೆದುರೇ ಅತ್ತೆ. ಕ್ಯಾಮರಾ ಬಂದ್ ಮಾಡುವುದೂ ನೆನಪಾಗಲಿಲ್ಲ.

ಜುಲೈ ೧೪

ಮೂರು ಕಟ್ಟೆ. ಎಂಟೇ ಪೆಟ್ಟು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಕೂತಿದ್ದೆ.

ಜುಲೈ ೨೧

ಇವರು ಇವತ್ತು ಆ ಗೆರೆಯ ಆ್ಯಪ್ ನೋಡಿ ಗಂಭೀರವಾಗಿ ಹೇಳಿದರು: "ಇಗಾ, ನೆಲ ಸಪಾಟ ಆಯ್ತು. ಬಲೆ ಬಿಡೂಕೆ ಅಡ್ಡಿಲ್ಲ."

ಅಡುಗೆಮನೆಯ ಬಾಗಿಲು ಮುಚ್ಚದೆಯೇ ಹಾಡುತ್ತೇನೆ ಈಗ, ಸೆಖೆ ತಡೆಯಲಾಗುವುದಿಲ್ಲ. ಮಳೆಗೆ ಮರ ಉಬ್ಬಿತೋ ಏನೋ, ಪ್ರೀತಿಯ ಕೋಣೆಯ ಬಾಗಿಲೂ ಇತ್ತೀಚೆಗೆ ತೆರೆದೇ ಇರುತ್ತದೆ. ಪುಸ್ತಕ ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂರುತ್ತಾಳೆ. ಅಲ್ಲಿ ಬೆಳಕು ಚೆನ್ನಾಗಿದೆಯಂತೆ. ನನಗೇನೂ ಹಾಗೆ ಕಾಣುವುದಿಲ್ಲ. ನಿನ್ನೆ ಯಾವುದೋ ಹುಡುಗಿಯ ಜಗಳ, ಲೆಕ್ಚರರ್ ಹೇಳಿದ್ದು, ಎಲ್ಲ ಹೇಳಿದಳು. ನಾನು ಹೂಂ ಹೂಂ ಎಂದೆ ಅಷ್ಟೆ, ಹೆಚ್ಚು ಮಾತಾಡಬಾರದಲ್ಲ.

ಕಿಶನ ಬಂದು ಮೈಕಿಗೆ ಹೊಸ ಬ್ಯಾಟರಿ ಹಾಕಿಸಿದ್ದು ತೋರಿಸಿದ. ಬಾವಿಗೆ ಹಾಕಬೇಕೆನ್ನಿಸಲಿಲ್ಲ. ಚಾ ಕೊಟ್ಟೆ.

ಜುಲೈ ೩೦

ಡಾಕ್ಟರ ಎದುರು ಕೂತೆ. ಇವರೂ ಬಂದಿದ್ದರು, ಬಿರುಗಾಳಿಯಲ್ಲೂ ಹೆದರದ ತಾಂಡೇಲ ಬಾಗಿಲ ಹೊರಗೇ ನಿಂತರು. ಮತ್ತೆ ಕ್ಯಾಮರಾ ಇಳಿಯಿತು. ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಒಂದು ಕಡೆ ಗಂಟೇ ಇಲ್ಲ. ಇನ್ನೊಂದು ಕಡೆ ಸಾಸಿವೆಯಷ್ಟು.

"ಕೊಯ್ಯೋದು ಬೇಡ. ಆದರೆ ಮತ್ತೆ ಮೊದಲಿನ ಹಾಗೆ ಕೂಗಿದರೆ ಇಲ್ಲಿಗೇ ಬರ್ತೀರಿ" ಎಂದರು.

ಹೊರಗೆ ಬಂದು ಇವರಿಗೆ ಹೇಳಿದೆ. ಇವರು ಅಲ್ಲಿಯ ಬೆಂಚಿನ ಮೇಲೆ ಕೂತು ಚಪ್ಪಲಿ ಕಳಚಿ ಮತ್ತೆ ಹಾಕಿಕೊಂಡರು. ಎರಡು ತಿಂಗಳಿಂದ ಹೊತ್ತ ಬುಟ್ಟಿ ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡ ಹಾಗಾಯಿತು ನನಗೆ. ಬರುವ ದಾರಿಯಲ್ಲಿ ಇಬ್ಬರೂ ಹೋಟೆಲಿನಲ್ಲಿ ಬನ್ಸು ತಿಂದೆವು.

ಆದರೆ ಕೂಗದೆ ಲಿಲಾವು ಹೇಗೆ ಮಾಡುವುದು?

ಆಗಸ್ಟ್ ೩

ಬೆಳಕು ಹರಿಯುವಾಗ ಮೊದಲ ಬೋಟು ಬಂತು. ತುಂಬ ಬಂಗಡೆ, ನಡುವೆ ತಾರ್ಲೆ. ಕಾರವಾರ, ಅಂಕೋಲಾ, ಅವರ್ಸಾದಿಂದ ಕೊಳ್ಳುವ ಹೆಂಗಸರು, ಐಸಿನ ಲಾರಿಯವರು, ಕಾಗೆ, ನಾಯಿ, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಎರಡು ತಿಂಗಳ ಹಸಿವು ಬಂದರಿಗೆಲ್ಲ. ಕಿಶನ ಮೈಕು ಹಿಡಿದು ನನ್ನ ಪಕ್ಕಕ್ಕೇ ನಿಂತ. "ಮಾಮಿ, ನಾ ಕೂಗ್ಲಾ?"

"ಸ್ವಲ್ಪ ತಡಿ" ಎಂದೆ.

ರಾಶಿಯ ಮುಂದೆ ನಿಂತೆ. ಬಾಯಿ ಮುಚ್ಚಿಕೊಂಡೇ ಮೂರು ಕಟ್ಟೆಯ ಸಾ ಒಮ್ಮೆ ಗುನುಗಿದೆ. ಆಮೇಲೆ ಅದೇ ಎತ್ತರದಲ್ಲಿ, ಒಂದಿಷ್ಟೂ ಏರಿಸದೆ, ಮೊದಲ ಬೆಲೆ ಹೇಳಿದೆ. ಹಿಂದೆ ನಿಂತವರಿಗೆ ಖಂಡಿತ ಕೇಳಿಸಲಿಲ್ಲ. "ಎಂತ ಹೇಳ್ದ್ಳು? ಎಂತ ಹೇಳ್ದ್ಳು?" ಎಂದು ಗಲಾಟೆಯಾಯಿತು. ಕಿಶನ ಮೈಕು ಎತ್ತಿದ. ನಾನು ಇನ್ನೊಮ್ಮೆ ಅದೇ ದನಿಯಲ್ಲಿ ಹೇಳಿದೆ.

ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ಹಿಂದಿನವರಿಗೆ "ಶ್ ಶ್, ಬಾಯ್ ಮುಚ್ಚಿ, ಕೇಳೂದಿಲ್ಲ" ಎಂದಳು. ಹಿಂದಿನವರು ಮುಂದೆ ಬಂದರು. ಲಾರಿಯವ ಎಂಜಿನ್ ಬಂದ್ ಮಾಡಿದ. ಎಲ್ಲರೂ ರಾಶಿಯ ಸುತ್ತ ಒತ್ತಿ ನಿಂತರು. ಇಷ್ಟು ಹತ್ತಿರದಿಂದ ಈ ಜನರ ಮುಖಗಳನ್ನು ನಾನು ನೋಡಿರಲೇ ಇಲ್ಲ. ಯಾರಿಗೆ ಮೀನು ಬೇಕೋ ಅವರ ಕಣ್ಣಿನಲ್ಲೇ ಗೊತ್ತಾಗುತ್ತದೆ, ಕೂಗಿ ಕೇಳುವ ಕೆಲಸವೇ ಇಲ್ಲ. ಕಿಶನ ಮೈಕನ್ನು ಕಂಕುಳಲ್ಲಿಟ್ಟುಕೊಂಡು ಬುಟ್ಟಿ ಸರಿಸಲು ಕೈ ಹಾಕಿದ. ಮೂರು ಬೋಟಿನ ಮೀನು ಹೋಯಿತು. ಕೊನೆಯ ರಾಶಿಗೂ ದನಿ ಮೊದಲಿನ ರಾಶಿಗಿದ್ದಷ್ಟೇ ಇತ್ತು. ನಾನು ಎರಡು ಸಲ ಗಂಟಲು ಮುಟ್ಟಿ ನೋಡಿಕೊಂಡೆ.

ಎಲ್ಲ ಮುಗಿದ ಮೇಲೆ ಗಂಗೂಗೆ ಬುಟ್ಟಿ ಎತ್ತಿಕೊಟ್ಟೆ. ನಾನು ಈ ಬಂದರಿಗೆ ಬಂದ ಮೊದಲ ದಿನದಿಂದ ನನ್ನ ಹತ್ತಿರ ಮೀನು ಕೊಳ್ಳುವವಳು, ಮನೆಮನೆಗೆ ಹೊತ್ತು ಮಾರುತ್ತಾಳೆ. ತಲೆಯ ಮೇಲೆ ಸಿಂಬಿ ಸರಿಮಾಡಿಕೊಳ್ಳುತ್ತ ನನ್ನನ್ನೇ ನೋಡಿದಳು.

"ಮಾದೇವಿ, ಇಷ್ಟ್ ವರ್ಷ ನೀ ನಮ್ಗೆ ಬೈದಂಗೆ ಆಗ್ತಿತ್ತು ಗೋ. ಇವತ್ತು ಕರ್ದಂಗಾಯ್ತು."

"ನಾ ಯಾವತ್ತೂ ಕರ್ದದ್ದೇ ಅಲ್ವನೇ?" ಎಂದೆ.

ಗಂಗೂ ಬುಟ್ಟಿಯ ಕೆಳಗಿನಿಂದ ಒಂದು ಕೈ ಬಿಡಿಸಿ ನನ್ನ ಕೆನ್ನೆ ಮುಟ್ಟಿ ಹೋದಳು.